ನಕ್ಷತ್ರದ ಐದು ತುದಿ
ಕಳೆದ ಭಾನುವಾರ ಮಗಳು ನಕ್ಷತ್ರದ ಅಚ್ಚಿನಲ್ಲಿ ಒತ್ತಿದ ಬೆಣ್ಣೆ ಬಿಸ್ಕತ್ತುಗಳು ಓವನ್ನಿನಿಂದ ದುಂಡಗಾಗಿ, ಒಂದಕ್ಕೊಂದು ಅಂಟಿಕೊಂಡು ಹೊರಬಂದವು. ಪಾಪ, ಅವಳ ಮುಖ ಬಾಡಿಹೋಯಿತು. ತಪ್ಪೆಲ್ಲ ಬೆಣ್ಣೆಯದು. ಚಕ್ಕುಲಿಯನ್ನೇ ನೋಡಿ: ಕಾದ ಎಣ್ಣೆಗೆ ಬಿದ್ದ ಕೂಡಲೇ ಹೊರಮೈ ಗಟ್ಟಿಯಾಗಿ, ಒರಳಿನಿಂದ ಇಳಿದ ಮುಳ್ಳು ಹಾಗೆಯೇ ಉಳಿಯುತ್ತದೆ. ಓವನ್ನಿನ ಬಿಸಿಗಾಳಿಗೆ ಆ ಚುರುಕಿಲ್ಲ. ಹಿಟ್ಟು ಬೆಂದು ಬಿಗಿಯುವ ಮೊದಲೇ, 35 ಡಿಗ್ರಿಯ ಆಸುಪಾಸಿನಲ್ಲಿ, ಬೆಣ್ಣೆ ಕರಗಿ ಹರಡುತ್ತದೆ. ಮತ್ತೆ ಕಲಸಿದಾಗ ಬೇಕಿಂಗ್ ಪೌಡರ್ ಬಿಟ್ಟೆವು, ಉಬ್ಬಿದರೆ ಅಂಚು ಮೊಂಡಾಗುತ್ತದೆ. ಒತ್ತಿದ ಮೇಲೆ ತಟ್ಟೆ ಸಮೇತ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟೆವು. ಅಡುಗೆ ಬರಹಗಳು ಈ ಅರ್ಧ ಗಂಟೆಯನ್ನು ‘ಬೇಕಿದ್ದರೆ’ ಎಂದು ಕೊನೆಗೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅದು ಮೈದಾ, ಸಕ್ಕರೆಯ ಜೊತೆಗೇ ಬರೆಯಬೇಕಾದ ಸಾಮಗ್ರಿ. ಈ ಸಲ ಐದೂ ತುದಿ ಚೂಪಾಗಿ ನಿಂತವು, ಅಂಚಿನಲ್ಲಷ್ಟೇ ತುಸು ಕೆಂಪು. ಮಗಳು ತಣ್ಣಗಾಗುವವರೆಗೂ ಕಾಯದೆ ತುದಿಗಳನ್ನು ಬೆರಳಲ್ಲಿ ಮುಟ್ಟಿ ಎಣಿಸಿದಳು.