ಗ್ರಾಮರ್ ಬಾಯಿಪಾಠ ಸಾಕು

ನಮ್ಮಕ್ಕ ನರ್ಸಿಂಗ್ ಮುಗಿಸಿ ಬ್ರಿಟನ್ನಿಗೆ ಹೋಗಲು ಐಇಎಲ್‌ಟಿಎಸ್ ಪರೀಕ್ಷೆ ಬರೆದಳು. ಅಲ್ಲಿ ನರ್ಸ್ ಆಗಲು ಬರವಣಿಗೆಯಲ್ಲಿ 9ಕ್ಕೆ 6.5 ಬೇಕು. ಇವಳಿಗೆ ಬಂದದ್ದು 6. ಅರ್ಧಕ್ಕೆ ತಪ್ಪಿತು! ಮತ್ತೆ ಫೀಸು ಕಟ್ಟಬೇಕು, ಅದು ಅಪ್ಪ ರಾಗಿ ಮಾರಿದ ದುಡ್ಡು.

ಆ ಪರೀಕ್ಷೆಯಲ್ಲಿ ಗ್ರಾಮರ್‌ಗೆ ಅಂತ ಬೇರೆ ಪ್ರಶ್ನೆಪತ್ರಿಕೆ ಇಲ್ಲ. ಬರೆದದ್ದರಲ್ಲಿ ನಾಲ್ಕು ಅಂಶ ನೋಡುತ್ತಾರೆ, ವ್ಯಾಕರಣ ಅದರಲ್ಲೊಂದು. ಅಕ್ಕನಿಗೆ ಟೆನ್ಸ್ ಎಲ್ಲಾ ಬಾಯಿಪಾಠ. ಆದರೂ 'ಐ ಹ್ಯಾವ್ ಕಮ್ ಯೆಸ್ಟರ್‌ಡೇ' ಅಂತ ಬರೀತಾಳೆ. ಕನ್ನಡದಲ್ಲಿ 'ನಿನ್ನೇನೇ ಬಂದಿದ್ದೀನಿ' ಅಂದರೆ ಸರಿ. ಇಂಗ್ಲಿಷಿನಲ್ಲಿ 'ಯೆಸ್ಟರ್‌ಡೇ' ಬಂದಮೇಲೆ 'ಕೇಮ್' ಅಂತಲೇ ಬರೆಯಬೇಕು. 'ಎ', 'ದ' ಕೂಡ ಹಾಗೇ, ನಮ್ಮ ಭಾಷೆಯಲ್ಲಿ ಇಲ್ಲದ್ದು ಬರೆಯುವಾಗ ಬಿಟ್ಟುಹೋಗುತ್ತೆ. ಇದು ದಡ್ಡತನ ಅಲ್ಲ, ಯಾರೂ ನಗಬೇಡಿ.

ನನ್ನ ಅಭಿಪ್ರಾಯ ಇಷ್ಟೇ. ನಿಯಮ ಉರು ಹೊಡೆಯೋದು ಬಿಟ್ಟು ದಿನಾ ಐದು ಸಾಲು ಸ್ವಂತ ಬರೆಯೋಣ, ಹೊಲದ್ದೋ ಸಂತೇದೋ. ತಪ್ಪಿದ್ದಲ್ಲಿ ಮೇಷ್ಟ್ರು ಬರೀ ಗೆರೆ ಎಳೀಲಿ, ತಿದ್ದೋದು ನಾವು. ಮೇಷ್ಟ್ರೇ, ಶನಿವಾರದ ಕೊನೇ ಪೀರಿಯಡ್ ಇದಕ್ಕೆ ಕೊಡ್ತೀರಾ?

- 10ನೇ ತರಗತಿಯ ವಿದ್ಯಾರ್ಥಿನಿ