ಹಗುರ ಕಾರಿನ ಕಂಪನಿ, ಭಾರದ ಲೆಕ್ಕ

ಮೆಕ್ಲಾರೆನ್ ಎಸ್‌ಯುವಿ ಮಾಡುತ್ತದಂತೆ! ಕಾರಿನ ಹುಚ್ಚು ಇರುವ ನಾಲ್ಕು ಹುಡುಗರು ಸೇರಿದ ಕಡೆಯಲ್ಲೆಲ್ಲ ಈಗ ಈ ‘ಅಂತೆ’ಯದೇ ಮಾತು. ಒಬ್ಬ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ನಾಲ್ಕು ಬಾಗಿಲಿನ ಕಿತ್ತಳೆ ಬಣ್ಣದ ಗಾಡಿ ಬರೆದು ತೋರಿಸುತ್ತಾನೆ. ಇನ್ನೊಬ್ಬ ‘ಅದು ಬಂದ ದಿನ ಮೆಕ್ಲಾರೆನ್ ಸತ್ತ ಹಾಗೆ’ ಎಂದು ಎದ್ದು ಹೋಗುತ್ತಾನೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ಈ ಎರಡೂ ಗುಂಪಿನವರು ಒಂದು ಪ್ರಶ್ನೆಯನ್ನು ಬಿಟ್ಟುಬಿಟ್ಟಿದ್ದಾರೆ ಅನಿಸುತ್ತದೆ. ಎಸ್‌ಯುವಿ ಬರಬೇಕೋ ಬೇಡವೋ ಎಂಬುದಲ್ಲ, ಬಂದರೆ ಅದನ್ನು ಯಾವ ದುಡ್ಡಿನಲ್ಲಿ, ಯಾವ ಷಾಸಿಯ ಮೇಲೆ ಕಟ್ಟುತ್ತಾರೆ ಎಂಬುದೇ ಆ ಪ್ರಶ್ನೆ.

ಮೊದಲು ಈ ಗಲಾಟೆ ಯಾಕೆ ಎಂದು ನೋಡೋಣ. ನ್ಯೂಜಿಲೆಂಡಿನ ಬ್ರೂಸ್ ಮೆಕ್ಲಾರೆನ್ 1963ರಲ್ಲಿ ಕಟ್ಟಿದ ರೇಸಿಂಗ್ ತಂಡದ ಹೆಸರಿದು. ಕಾರ್ಬನ್ ಫೈಬರ್ ಷಾಸಿಯ ಕಾರನ್ನು 1981ರಲ್ಲಿ ಫಾರ್ಮುಲಾ ಒನ್‌ಗೆ ಮೊದಲು ಇಳಿಸಿದ್ದು ಇದೇ ತಂಡ. 1990ರ ದಶಕದಲ್ಲಿ ಗಾರ್ಡನ್ ಮರ್ರೆ ವಿನ್ಯಾಸ ಮಾಡಿದ ‘ಎಫ್1’ ರಸ್ತೆ ಕಾರಿನಲ್ಲಿ ಚಾಲಕ ನಟ್ಟನಡುವೆ ಕೂರುತ್ತಿದ್ದ. ಒಟ್ಟು ತಯಾರಾದದ್ದು ಬರೀ 106. ಮುಂದೆ 2010ರಲ್ಲಿ ರಸ್ತೆ ಕಾರುಗಳಿಗೇ ಪ್ರತ್ಯೇಕ ಕಂಪನಿ ಶುರುವಾಯಿತು. ಮರುವರ್ಷ ಬಂದ ಅದರ ಮೊದಲ ಕಾರಿನ ಕಾರ್ಬನ್ ತೊಟ್ಟಿಯ ತೂಕ 75 ಕೆ.ಜಿ.! ಅಂದರೆ ನಮ್ಮ ಕ್ಲಾಸಿನ ಒಬ್ಬ ದಪ್ಪ ಹುಡುಗನಷ್ಟು. ಅಲ್ಲಿಂದ ಇಲ್ಲಿವರೆಗೆ ಈ ಕಂಪನಿಯ ಕಾರುಗಳಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದೆ, ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಹಗುರವೇ ಅದರ ಧರ್ಮ. ಎಸ್‌ಯುವಿ ಎಂದರೆ ಇವೆಲ್ಲಕ್ಕೂ ತದ್ವಿರುದ್ಧ.

ಹಾಗಾದರೆ ಈ ಊಹೆ ಹುಟ್ಟಿದ್ದಾದರೂ ಎಲ್ಲಿಂದ? ಒಂದು ಕಾಲಕ್ಕೆ ಕಂಪನಿಯ ಮುಖ್ಯಸ್ಥರಾಗಿದ್ದ ಮೈಕ್ ಫ್ಲೂಯಿಟ್ ಎಸ್‌ಯುವಿ ಪ್ರಶ್ನೆ ಬಂದಾಗಲೆಲ್ಲ ‘ಇಲ್ಲ’ ಎನ್ನುತ್ತಿದ್ದರು. 2022ರಲ್ಲಿ ಆ ಕುರ್ಚಿಗೆ ಬಂದ ಮೈಕೆಲ್ ಲೈಟರ್ಸ್ ಎರಡಕ್ಕಿಂತ ಹೆಚ್ಚು ಸೀಟಿನ ಕಾರಿನ ಬಗ್ಗೆ ಬಾಯಿಬಿಟ್ಟು ಮಾತಾಡಿದರು. ಪೋರ್ಷೆಯಲ್ಲಿ ಕಯೆನ್ ಎಸ್‌ಯುವಿಯ ಕೆಲಸ ಮಾಡಿ, ನಂತರ ಫೆರಾರಿಯ ತಾಂತ್ರಿಕ ಮುಖ್ಯಸ್ಥರಾಗಿದ್ದವರು ಅವರು. 2025ರಲ್ಲಿ ಕಂಪನಿ ಬಹರೇನ್‌ನ ಮುಮ್ತಲಕಾತ್ ನಿಧಿಯ ಕೈಯಿಂದ ಅಬುಧಾಬಿಯ ಸಿವೈವಿಎನ್ ಹೋಲ್ಡಿಂಗ್ಸ್ ಕೈಗೆ ಹೋಯಿತು. ಫೋರ್‌ಸೆವೆನ್ ಎಂಬ ಬ್ರಿಟಿಷ್ ನವೋದ್ಯಮ ಇದರೊಂದಿಗೆ ಸೇರಿಕೊಂಡಿತು. ಹೊಸ ಮುಖ್ಯಸ್ಥ ನಿಕ್ ಕಾಲಿನ್ಸ್ ಹಿಂದೆ ಇದ್ದದ್ದು ನಮ್ಮ ಟಾಟಾ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್‌ನಲ್ಲಿ. ಅಡುಗೆಮನೆಗೆ ಯಾರು ಬಂದರು ಎಂದು ನೋಡಿದರೆ ಊಟಕ್ಕೆ ಏನಿರಬಹುದು ಎಂದು ಅಂದಾಜು ಮಾಡಬಹುದಲ್ಲವೇ? ನನ್ನ ಲೆಕ್ಕದಲ್ಲಿ ಬಣ್ಣಬಣ್ಣದ ಕಾಲ್ಪನಿಕ ಚಿತ್ರಗಳಿಗಿಂತ ಈ ನೇಮಕಾತಿಗಳೇ ಹೆಚ್ಚು ಹೇಳುತ್ತವೆ.

ಎಸ್‌ಯುವಿ ಪರ ಇರುವವರ ಬತ್ತಳಿಕೆಯಲ್ಲಿ ಎರಡು ಬಾಣಗಳಿವೆ. ಮೊದಲನೆಯದು ಪೋರ್ಷೆ. 1990ರ ದಶಕದ ಆರಂಭದಲ್ಲಿ ಮುಳುಗುವ ಹಂತಕ್ಕೆ ಬಂದಿದ್ದ ಕಂಪನಿ 2002ರಲ್ಲಿ ಕಯೆನ್ ತಂದಾಗ ಅಭಿಮಾನಿಗಳು ತಲೆ ಚಚ್ಚಿಕೊಂಡರು. ಇವತ್ತಿನ ಸ್ಥಿತಿ ನೋಡಿ. 2023ರಲ್ಲಿ ಪೋರ್ಷೆ ಮಾರಿದ ಸುಮಾರು 3.2 ಲಕ್ಷ ಕಾರುಗಳಲ್ಲಿ ಕಯೆನ್ ಮತ್ತು ಮಕಾನ್ ಎಂಬ ಎರಡು ಎಸ್‌ಯುವಿಗಳೇ ತಲಾ 87 ಸಾವಿರಕ್ಕಿಂತ ಹೆಚ್ಚು. ಜಗತ್ಪ್ರಸಿದ್ಧ 911 ಸುಮಾರು 50 ಸಾವಿರ. ಎರಡನೆಯದು ಲ್ಯಾಂಬೊರ್ಗಿನಿ. ಉರುಸ್ ಬರುವ ಮೊದಲು, 2017ರಲ್ಲಿ ಅದು ಮಾರಿದ್ದು 3,815 ಕಾರು. 2023ರಲ್ಲಿ ಹತ್ತು ಸಾವಿರ ದಾಟಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಉರುಸ್. ಎಸ್‌ಯುವಿ ದುಡಿದ ದುಡ್ಡಿನಲ್ಲೇ ಸ್ಪೋರ್ಟ್ಸ್ ಕಾರು ಬದುಕುತ್ತದೆ ಎಂಬುದು ಇವರ ವಾದ.

ವಾದ ಸರಿ, ಆದರೆ ಅರ್ಧ ಮಾತ್ರ. ಕಯೆನ್ ಒಂಟಿಯಾಗಿ ಹುಟ್ಟಿದ್ದಲ್ಲ, ಫೋಕ್ಸ್‌ವ್ಯಾಗನ್‌ನ ಟೂವರೆಗ್ ಜೊತೆ ಹಂಚಿಕೊಂಡ ಬುನಾದಿಯ ಮೇಲೆ ಹುಟ್ಟಿದ್ದು. ಉರುಸ್‌ಗೂ ಅಷ್ಟೆ, ಆಡಿ ಕ್ಯೂ7, ಬೆಂಟ್ಲಿ ಬೆಂಟೇಗಾ ಒಡಹುಟ್ಟಿದವು. ಕಾರಿನಲ್ಲಿ ಅತಿ ದುಬಾರಿಯಾದದ್ದು ನಮ್ಮ ಕಣ್ಣಿಗೆ ಬೀಳುವ ಮೈಯಲ್ಲ. ನೆಲಗಟ್ಟು, ಅಪಘಾತ ಪರೀಕ್ಷೆ, ವೈರಿಂಗ್, ಸಾಫ್ಟ್‌ವೇರ್, ಎ.ಸಿ. ಇಂಥ ಕಾಣದ ಕೆಲಸಗಳೇ ದುಡ್ಡು ನುಂಗುತ್ತವೆ. ಅವನ್ನು ಲಕ್ಷಾಂತರ ಕಾರುಗಳ ಮೇಲೆ ಹಂಚುವ ದೊಡ್ಡ ಮನೆತನ ಬೆನ್ನಿಗಿದ್ದರೆ ಚಿಕ್ಕ ಕಂಪನಿಗೂ ಎಸ್‌ಯುವಿ ಲಾಭ ತರುತ್ತದೆ.

ಮನೆತನ ಇಲ್ಲದಿದ್ದರೆ? ಆಸ್ಟನ್ ಮಾರ್ಟಿನ್ ನೋಡಿ. ಡಿಬಿಎಕ್ಸ್ ಎಂಬ ಎಸ್‌ಯುವಿಗಾಗಿ ಅದು ತನ್ನದೇ ಬುನಾದಿ ಮಾಡಿತು. ವೇಲ್ಸ್‌ನ ಸೇಂಟ್ ಆಥನ್‌ನ ಹಳೆಯ ವಾಯುಪಡೆ ನೆಲೆಯಲ್ಲಿ ಹೊಸ ಕಾರ್ಖಾನೆ ಎಬ್ಬಿಸಿತು. ಎಂಜಿನ್ ಮಾತ್ರ ಮರ್ಸಿಡಿಸ್‌ನದು. ಕಾರು 2019ರ ನವೆಂಬರ್‌ನಲ್ಲಿ ಅನಾವರಣವಾಯಿತು, ಎರಡೇ ತಿಂಗಳಲ್ಲಿ ಕಂಪನಿಯನ್ನು ಉಳಿಸಲು ಲಾರೆನ್ಸ್ ಸ್ಟ್ರೋಲ್ ದುಡ್ಡು ತರಬೇಕಾಯಿತು. 2021ರಲ್ಲಿ ಒಟ್ಟು ಮಾರಾಟದ ಸುಮಾರು ಅರ್ಧ ಡಿಬಿಎಕ್ಸ್‌ನದೇ ಆದರೂ ಕಂಪನಿಯ ನಷ್ಟ ನಿಲ್ಲಲಿಲ್ಲ. ಲೋಟಸ್‌ನ ಕಥೆ ಇನ್ನೊಂದು ಬಗೆ. ಹಗುರತನವನ್ನೇ ಮಂತ್ರ ಮಾಡಿಕೊಂಡಿದ್ದ ಕಾಲಿನ್ ಚಾಪ್ಮನ್ ಕಟ್ಟಿದ ಕಂಪನಿ ಅದು. ಚೀನಾದ ಗೀಲಿ ಒಡೆತನದಲ್ಲಿ ಅದು 2022ರಲ್ಲಿ ತೋರಿಸಿದ ಎಲೆಟ್ರೆ ಎಸ್‌ಯುವಿ ಸುಮಾರು ಎರಡೂವರೆ ಟನ್ ತೂಗುತ್ತದೆ, ತಯಾರಾಗುವುದು ವುಹಾನ್‌ನಲ್ಲಿ. ಎಸ್‌ಯುವಿ ಬಂತು, ಆದರೆ ಇಂಗ್ಲೆಂಡಿನ ತವರು ಮನೆಯ ಕೆಲಸ ಉಳಿಯಲಿಲ್ಲ. 2025ರ ಆಗಸ್ಟ್‌ನಲ್ಲಿ ಅಲ್ಲಿ 550ರವರೆಗೆ ಹುದ್ದೆ ಕಡಿತದ ಘೋಷಣೆಯಾಯಿತು.

ಇಷ್ಟು ಹೇಳಿದ ಮೇಲೆ ‘ಹಾಗಾದರೆ ಬೇಡ’ ಎನ್ನುವವರ ಪಕ್ಷ ಸೇರಬೇಕೇ? ಅವರಿಗೂ ಒಂದು ಮಾತು ಹೇಳಬೇಕಿದೆ. ಎಸ್‌ಯುವಿ ಇಲ್ಲದೆ ಮೆಕ್ಲಾರೆನ್ ಸುಖವಾಗೇನೂ ಇರಲಿಲ್ಲ. 2020ರ ಮೇನಲ್ಲಿ ಆ ಸಮೂಹ ಸುಮಾರು 1,200 ಹುದ್ದೆ ಕಡಿತ ಘೋಷಿಸಿತು. ಮರುವರ್ಷ ವೋಕಿಂಗ್‌ನ ತನ್ನ ಸುಪ್ರಸಿದ್ಧ ಕಚೇರಿ ಕಟ್ಟಡವನ್ನೇ 17 ಕೋಟಿ ಪೌಂಡ್‌ಗೆ ಮಾರಿ, ಅದೇ ಕಟ್ಟಡದಲ್ಲಿ ಬಾಡಿಗೆಗೆ ಕೂತಿತು. ಮನೆ ಮಾರಿ ಬಾಡಿಗೆಗೆ ಇರುವವರ ಕಷ್ಟ ನಮ್ಮ ಊರುಗಳಲ್ಲಿ ಯಾರಿಗೆ ಗೊತ್ತಿಲ್ಲ? ಶುದ್ಧತೆಯನ್ನು ಪೋಸ್ಟರಿನಲ್ಲಿ ಪೂಜಿಸುವುದು ಸುಲಭ. ಅದರ ಬೆಲೆ ಕಟ್ಟುವುದು ಮಾತ್ರ ಅಲ್ಲಿ ಕಾರ್ಬನ್ ಹಾಳೆ ಹಾಸುವ ಕೆಲಸಗಾರ, ಕೆಲಸಕ್ಕೆ ಸೇರಿ ಎರಡೇ ವರ್ಷವಾದ ಕಿರಿಯ ಎಂಜಿನಿಯರ್.

ಇನ್ನು ನನ್ನ ವಿಷಯಕ್ಕೆ, ಅಂದರೆ ತೂಕಕ್ಕೆ ಬರುತ್ತೇನೆ. ತಿರುವಿನಲ್ಲಿ ಕಾರು ಓಡುವಾಗ ಒಳಗಿನ ಚಕ್ರಗಳ ಭಾರ ಹೊರಗಿನ ಚಕ್ರಗಳಿಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಕಾರಿನ ತೂಕ ಮತ್ತು ಗುರುತ್ವ ಕೇಂದ್ರದ ಎತ್ತರದ ಗುಣಲಬ್ಧವನ್ನು ಅವಲಂಬಿಸಿದೆ. ಮೆಕ್ಲಾರೆನ್ ಆರ್ಟೂರಾ ಸುಮಾರು 1,500 ಕೆ.ಜಿ. ಇದೆ. ಗುರುತ್ವ ಕೇಂದ್ರ 45 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. 2,200 ಕೆ.ಜಿ. ಎಸ್‌ಯುವಿಯಲ್ಲಿ ಅದು 65 ಸೆಂ.ಮೀ. ಎಂದಿಟ್ಟುಕೊಳ್ಳಿ. ಗುಣಿಸಿ ನೋಡಿದರೆ, ಚಕ್ರಗಳ ನಡುವಿನ ಅಗಲ ಒಂದೇ ಇದ್ದಾಗ, ಅದೇ ತಿರುವು ಅದೇ ವೇಗಕ್ಕೆ ಎಸ್‌ಯುವಿಯಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಭಾರ ಸರಿಯುತ್ತದೆ. ಅಶ್ವಶಕ್ತಿ ಹೆಚ್ಚಿಸಿ ಇದನ್ನು ಗೆಲ್ಲಲಾಗದು.

ಫೆರಾರಿ ಈ ಲೆಕ್ಕಕ್ಕೆ ಕೊಟ್ಟ ಉತ್ತರ ನನಗೆ ಇಷ್ಟ. 2022ರ ಸೆಪ್ಟೆಂಬರ್‌ನಲ್ಲಿ ಬಂದ ಪುರೋಸಾಂಗ್ವೆಯಲ್ಲಿ 6.5 ಲೀಟರ್‌ನ ವಿ12 ಎಂಜಿನನ್ನು ಮುಂದಿನ ಆಕ್ಸಲ್‌ನ ಹಿಂದಕ್ಕೆ ತಳ್ಳಿ, ಗೇರ್‌ಬಾಕ್ಸನ್ನು ಹಿಂಬದಿಗೆ ಒಯ್ದರು. ಹೀಗೆ ಎರಡೂ ಆಕ್ಸಲ್‌ಗಳ ಮೇಲೆ ತೂಕ ಹೆಚ್ಚುಕಡಿಮೆ ಸಮವಾಯಿತು. ಪ್ರತಿ ಚಕ್ರದ ಡ್ಯಾಂಪರ್‌ಗೂ 48 ವೋಲ್ಟ್‌ನ ಮೋಟಾರ್ ಇಟ್ಟು, ಕಾರು ವಾಲುವುದನ್ನು ತಡೆಯುವ ಅಡ್ಡ ಸರಳನ್ನೇ ತೆಗೆದುಹಾಕಿದರು. ಜೊತೆಗೆ, ಒಟ್ಟು ಮಾರಾಟದಲ್ಲಿ ಇದರ ಪಾಲು ಶೇ 20 ದಾಟದು ಎಂಬ ಮಿತಿಯನ್ನೂ ಹಾಕಿಕೊಂಡರು. ನನ್ನ ಕಣ್ಣಿಗೆ ಈ ಕೊನೆಯ ನಿರ್ಧಾರವೂ ಎಂಜಿನಿಯರಿಂಗೇ.

ಮೆಕ್ಲಾರೆನ್ ಏನು ಮಾಡಬಹುದು? ಇದು ನನ್ನ ಊಹೆ, ಊಹೆಯೆಂದೇ ಓದಿ. ಎಂಜಿನ್ ಮುಂದೆ ಬರಲೇಬೇಕು, ಇಲ್ಲದಿದ್ದರೆ ಹಿಂದಿನ ಸೀಟಿಗೆ ಜಾಗವಿಲ್ಲ. ಪೆಟ್ರೋಲ್ ಎಂಜಿನ್ ಹಿಂದಿನ ಚಕ್ರಗಳನ್ನು, ವಿದ್ಯುತ್ ಮೋಟಾರ್ ಮುಂದಿನ ಚಕ್ರಗಳನ್ನು ತಿರುಗಿಸಿದರೆ ಮುಂದಿನ ಆಕ್ಸಲ್‌ಗೆ ಪ್ರತ್ಯೇಕ ಗೇರು, ದಂಡಗಳು ಬೇಡ. ಹೈಬ್ರಿಡ್ ಅನುಭವ ಕಂಪನಿಗೆ ಈಗಾಗಲೇ ಇದೆ. ನಿಜವಾದ ಪರೀಕ್ಷೆ ಷಾಸಿಯದು. ಕಾರ್ಬನ್ ತೊಟ್ಟಿಯ ಗಟ್ಟಿತನ ಇರುವುದೇ ಅದರ ಎತ್ತರದ ಅಂಚಿನಲ್ಲಿ. ಅಜ್ಜಿ ಹತ್ತಿ ಇಳಿಯುವಂತೆ ನಾಲ್ಕು ಬಾಗಿಲು ಕೊರೆದರೆ ಆ ಅಂಚು ಉಳಿಯುವುದು ಕಷ್ಟ. ಕಷ್ಟವಷ್ಟೆ, ಅಸಾಧ್ಯವಲ್ಲ. ಬಿಎಂಡಬ್ಲ್ಯು 2013ರಿಂದ ಐ3 ಎಂಬ ಪುಟ್ಟ ವಿದ್ಯುತ್ ಕಾರಿಗೆ ಕಾರ್ಬನ್ ಗೂಡನ್ನು ಮಾಡಿ, ಎದುರುಬದುರು ತೆರೆಯುವ ನಾಲ್ಕು ಬಾಗಿಲು ಕೂರಿಸಿ ಲಕ್ಷಗಟ್ಟಲೆ ಮಾರಿದೆ. ಒಂದೂವರೆ ಟನ್ನಿನೊಳಗಿನ ಆ ಕಾರು ಸಾಧ್ಯವಾಗಿದ್ದರೆ, ಕಾರ್ಬನ್ನಿನಲ್ಲೇ ಬೆಳೆದ ಮೆಕ್ಲಾರೆನ್ ಪ್ರಯತ್ನಿಸದೆ ಬಿಡುವುದು ಸೋಲೇ ಸರಿ.

ಕೋಟಿಗಟ್ಟಲೆ ಬೆಲೆಯ ಕಾರು, ನಮಗೇಕೆ ಇದರ ಚಿಂತೆ ಎಂದು ನೀವು ಕೇಳಬಹುದು. ಭಾರತ ಮತ್ತು ಬ್ರಿಟನ್ 2025ರ ಜುಲೈ 24ರಂದು ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ ಬ್ರಿಟಿಷ್ ಕಾರುಗಳ ಆಮದು ಸುಂಕವನ್ನು ಶೇ 100ಕ್ಕಿಂತ ಹೆಚ್ಚಿರುವಲ್ಲಿಂದ, ನಿಗದಿತ ಸಂಖ್ಯೆಯ ಮಿತಿಯೊಳಗೆ, ಶೇ 10ಕ್ಕೆ ಇಳಿಸುವ ಮಾತಿದೆ. ಹೀಗಾಗಿ ಇಂಥ ಗಾಡಿಗಳು ಬೆಂಗಳೂರಿನ ರಸ್ತೆಗೆ ಬರುವುದು ಖಂಡಿತ. ಆದರೆ ನನ್ನ ಕಾರಣ ಬೇರೆ. ನಮ್ಮ ದೇಶದಲ್ಲಿ ಮಾರಾಟವಾಗುವ ಪ್ರಯಾಣಿಕ ವಾಹನಗಳಲ್ಲೂ ಅರ್ಧಕ್ಕಿಂತ ಹೆಚ್ಚು ಈಗ ಎಸ್‌ಯುವಿ ಬಗೆಯವೇ. ನಮ್ಮ ಚಿಕ್ಕಪ್ಪ ಚೆನ್ನಾಗಿದ್ದ ಹ್ಯಾಚ್‌ಬ್ಯಾಕ್ ಕೊಟ್ಟು ಎತ್ತರದ ಗಾಡಿ ತಂದಾಗ ಹೇಳಿದ್ದು ಒಂದೇ ಕಾರಣ: ‘ಹಂಪಿಗೆ ತಳ ಉಜ್ಜಲ್ಲ ಕಣೋ.’ ಕೊಳ್ಳುವವರ ಆಸೆ ಹಾಗೂ ಎಂಜಿನಿಯರನ ಲೆಕ್ಕ ಎದುರುಬದುರು ನಿಲ್ಲುವುದು ವೋಕಿಂಗ್‌ನಲ್ಲಿ ಮಾತ್ರವಲ್ಲ. ಬೆಂಗಳೂರಿನ ವಿನ್ಯಾಸ ಕಚೇರಿಗಳಿಗೆ ಸೇರುವ ನಮ್ಮಂಥವರ ಮೇಜಿಗೂ ಈ ಜಗಳ ಬರುತ್ತದೆ. ಕಾಲೇಜಿನ ಬಗ್ಗಿ ಸ್ಪರ್ಧೆಗಾಗಿ ಅರ್ಧ ಕೆ.ಜಿ. ಉಳಿಸಲು ಬ್ರಾಕೆಟ್‌ಗಳಿಗೆ ರಂಧ್ರ ಕೊರೆಯುತ್ತ ರಾತ್ರಿ ಕಳೆದವರು ನಾವು. ‘ಮಾರ್ಕೆಟ್ ಕೇಳ್ತಿದೆ, ಇನ್ನೂರು ಕೆ.ಜಿ. ಸೇರಿಸು’ ಎಂದರೆ ಏನು ಹೇಳಬೇಕು?

ಬೇಡ ಎನ್ನುವ ಹಕ್ಕು ಹೆಚ್ಚಿನವರಿಗೆ ಇರುವುದಿಲ್ಲ. ‘ಮಾಡುತ್ತೇನೆ, ಆದರೆ ಇನ್ನೂರಲ್ಲ, ನೂರರಲ್ಲಿ’ ಎನ್ನುವ ಕೌಶಲ ಮಾತ್ರ ನಮ್ಮ ಕೈಯಲ್ಲಿದೆ. ಮೆಕ್ಲಾರೆನ್ ಎಸ್‌ಯುವಿಯನ್ನೂ ನಾನು ಅಳೆಯುವುದು ಇದೇ ಕೋಲಿನಿಂದ. ಎರಡು ಟನ್ನಿನ ಒಳಗೆ ನಿಂತರೆ, ಅದರ ಲಾಭದಲ್ಲಿ ಎರಡು ಸೀಟಿನ ಕಾರು ಇನ್ನಷ್ಟು ಹಗುರವಾದರೆ ಹೆಸರು ಉಳಿಯಿತು. ಬೇರೆ ಯಾರದೋ ಬುನಾದಿಗೆ ಕಿತ್ತಳೆ ಬಣ್ಣ ಬಳಿದು ತಂದರೆ ಎದ್ದು ಹೋದ ಆ ಗೆಳೆಯನ ಮಾತೇ ನಿಜವಾಗುತ್ತದೆ. ಮೊದಲ ಅಧಿಕೃತ ಚಿತ್ರಗಳು ಬಂದ ದಿನ ಎಲ್ಲರೂ ಅಶ್ವಶಕ್ತಿ ಎಷ್ಟು ಎಂದು ಹುಡುಕುತ್ತಾರೆ. ನೀವು ಅದರ ಕೆಳಗಿನ ಸಾಲು ನೋಡಿ, ತೂಕ ಎಂದು ಬರೆದಿರುತ್ತದೆ.