ತಿವಿದು ಎಬ್ಬಿಸಬೇಡಿ, ಮಾತಾಡಿಸಿ ಎಬ್ಬಿಸಿ

ಊರಿಗೆ ತಡವಾಗಿ ಹಿಂತಿರುಗಿದ ರಾತ್ರಿ ನೀವೂ ನೋಡಿರಬಹುದು. ರಾಮನಗರ, ಚನ್ನಪಟ್ಟಣದ ರೈಲು ನಿಲ್ದಾಣವಿರಲಿ, ಕನಕಪುರ, ಮಾಗಡಿಯ ಬಸ್ ನಿಲ್ದಾಣವಿರಲಿ, ಬಟ್ಟೆಯ ಗಂಟನ್ನೇ ತಲೆದಿಂಬು ಮಾಡಿಕೊಂಡು ಯಾರೋ ಮಲಗಿರುತ್ತಾರೆ. ಬೆಳಗಿನ ಜಾವ ಕಾವಲುಗಾರ ಕೋಲಿನಿಂದ ತಿವಿದು ‘ಏಳೋ’ ಎನ್ನುತ್ತಾನೆ. ಮಲಗಿದ್ದವನು ಚೀರಿ, ಕೈ ಬೀಸಿದರೆ ‘ಹುಚ್ಚ’ನೆಂಬ ಹೆಸರು ಬೀಳುತ್ತದೆ.

ಅದು ಹುಚ್ಚಲ್ಲ, ಭಯವಿರಬಹುದು. ಮನೆಯಲ್ಲಿ ಏಟು ತಿಂದು, ಬೀದಿಯಲ್ಲಿ ದೌರ್ಜನ್ಯಕ್ಕೆ ಸಿಕ್ಕಿ ನೊಂದವರ ಈ ಸ್ಥಿತಿಗೆ ವೈದ್ಯರು ಮಾನಸಿಕ ಆಘಾತ ಎನ್ನುತ್ತಾರೆ. ಮೈಮೇಲಿನ ಗಾಯ ಒಣಗಿದರೂ ಮಿದುಳು ಅಪಾಯವನ್ನು ಎದುರುನೋಡುತ್ತಲೇ ಇರುತ್ತದೆ. ಸಣ್ಣ ಗದರಿಕೆಗೂ ಅಡ್ರಿನಲಿನ್ ಉಕ್ಕಿ ಎದೆಬಡಿತ ಏರುತ್ತದೆ. ಆಗ ಮನುಷ್ಯ ಓಡುತ್ತಾನೆ, ತಿರುಗಿ ಬೀಳುತ್ತಾನೆ ಇಲ್ಲವೇ ಕಲ್ಲಿನಂತೆ ಕೂರುತ್ತಾನೆ. ಸಹಾಯಕ್ಕೆ ಬಂದವರಿಗೆ ಇದೆಲ್ಲ ಮೊಂಡುತನವಾಗಿ ಕಾಣುತ್ತದೆ.

ಆದ್ದರಿಂದ ನಿರ್ಗತಿಕರಿಗೆ ಅನ್ನ, ಚಾಪೆ ಕೊಟ್ಟರಷ್ಟೇ ಸಾಲದು. ಕೊಡುವವರಿಗೆ ತರಬೇತಿಯೂ ಬೇಕು. ಅದರ ಪಾಠ ಕಠಿಣವೇನಲ್ಲ. ಮಲಗಿದವರನ್ನು ಕಾಲಿನ ಕಡೆ, ತುಸು ದೂರದಲ್ಲಿ ನಿಂತು ಕರೆಯಬೇಕು. ಗಂಟನ್ನು ಕೇಳದೆ ಮುಟ್ಟಬಾರದು. ಅವರ ಪಾಲಿಗೆ ಅದೇ ಮನೆ. ಹೇನಿದೆಯೆಂದು ಬಲವಂತವಾಗಿ ತಲೆ ಬೋಳಿಸಬಾರದು. ಹೆಂಗಸರನ್ನು ವಿಚಾರಿಸಲು ಹೆಂಗಸರೇ ಇರಬೇಕು. ಹಳೆಯ ಕಥೆಯನ್ನೆಲ್ಲ ಮೊದಲ ದಿನವೇ ಕೆದಕಬಾರದು. ‘ನಿನಗೇನು ರೋಗ?’ ಎನ್ನುವುದರ ಬದಲು ‘ಊಟ ಆಯ್ತೇನಣ್ಣ?’ ಎಂದು ಶುರುಮಾಡಿದರೆ ಅರ್ಧ ಕೆಲಸ ಆದಂತೆ.

ತರಬೇತಿ ಯಾರಿಗೆ? ಲಕ್ಷ ಜನಕ್ಕೊಂದರಂತೆ ನಗರಗಳಲ್ಲಿ ಹಗಲು ರಾತ್ರಿ ತೆರೆದಿರುವ ವಸತಿ ಕೇಂದ್ರ ಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. 2011ರ ಜನಗಣತಿಯಲ್ಲಿ ನಮ್ಮ ಈ ನಾಲ್ಕು ಊರುಗಳ ಪೈಕಿ ಒಂದೂ ಲಕ್ಷ ಮುಟ್ಟಿರಲಿಲ್ಲ. ಇಂಥ ಊರುಗಳಲ್ಲಿ ನಿರ್ಗತಿಕರ ಮೊದಲ ಸೇವಕರೆಂದರೆ ನಿಲ್ದಾಣದ ಕಾವಲುಗಾರ, ಆಸ್ಪತ್ರೆಯ ಆಯಾ, ಬೀಟ್ ಪೊಲೀಸ್, ಪೌರಕಾರ್ಮಿಕ. ವಸತಿ ಕೇಂದ್ರದ ಸಿಬ್ಬಂದಿಯ ಜೊತೆಗೆ ಇವರನ್ನೂ ಕೂರಿಸಿ ಕಲಿಸಬೇಕೆಂಬುದು ನನ್ನ ವಾದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಮನೋರೋಗದಿಂದ ಅಲೆಯುತ್ತಿರುವವರನ್ನು ಪೊಲೀಸರು ರಕ್ಷಣೆಗೆ ಪಡೆದರೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಆದರೆ ಒಯ್ಯುವ ರೀತಿಯನ್ನು ಕಾನೂನು ಕಲಿಸಲಾರದು.

‘ರಾತ್ರಿಯಿಡೀ ದುಡಿಯುವವನಿಗೆ ಇದೆಲ್ಲ ಎಲ್ಲಿ ಸಾಧ್ಯ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ದಿನವೂ ನೋವನ್ನೇ ಕಾಣುವವರ ಮನಸ್ಸೂ ಬಳಲಿ ಗಡುಸಾಗುತ್ತದೆ. ಅವರ ಪಾಳಿ, ವಿಶ್ರಾಂತಿ, ಕಷ್ಟ ಹೇಳಿಕೊಳ್ಳಲು ಒಬ್ಬ ಹಿರಿಯರು, ಇವೂ ತರಬೇತಿಯ ಭಾಗವೇ.

ಕಲಿಸುವವರಿಗೆ ಬರವಿಲ್ಲ. ನಿಮ್ಹಾನ್ಸ್ ಇರುವುದು ಪಕ್ಕದ ಬೆಂಗಳೂರಿನಲ್ಲೇ. ಹಣ? ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಶೇ. 3ರಷ್ಟು ಸೆಸ್ಸನ್ನು ನೀವೇ ಕಟ್ಟುತ್ತಿದ್ದೀರಿ. ಅದರಲ್ಲೊಂದು ಪಾಲು ಈ ತರಬೇತಿಗೆ ಸಲ್ಲಲಿ ಎಂದು ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ.

ಅಲ್ಲಿಯವರೆಗೆ ನೀವೂ ಸುಮ್ಮನಿರಬೇಕಿಲ್ಲ. ನೊಂದವರನ್ನು ಕಂಡಾಗ ಏನು ಮಾಡಬೇಕೆಂದು ತೋಚದಿದ್ದರೆ ಟೆಲಿ ಮನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಿರಿ. ಮತ್ತೆ, ನಾಳೆ ಬೆಳಿಗ್ಗೆ ನಿಮ್ಮ ಅಂಗಡಿಯ ಜಗುಲಿಯಲ್ಲಿ ಯಾರಾದರೂ ಮಲಗಿದ್ದರೆ, ನೀರು ಎರಚುವ ಮೊದಲು ಒಮ್ಮೆ ಮೆಲ್ಲನೆ ಕರೆದು ನೋಡಿ.